ಮುಳುಗಿದ ಮೋಟರಿಗೆ ಅಕ್ಷರ ಅಂಟಿಸಿದ ದಿನ

ನನ್ನ ನೆಗೆಣ್ಣಿಯ ಮುಖ ಕಂಡರೆ ನನಗೆ ಆಗುತ್ತಿರಲಿಲ್ಲ. ಸುತ್ತಿ ಬಳಸಿ ಹೇಳುವುದೇನಿದೆ, ಆಕೆಗೂ ನನ್ನ ಮುಖ ಕಂಡರೆ ಆಗುತ್ತಿರಲಿಲ್ಲ. ಆಕೆ ನನ್ನ ಭಾವನ ಹೆಂಡತಿ, ಮನೆಯ ಹಿರಿಯ ಸೊಸೆ. ಒಂದೇ ಒಲೆಯ ರೊಟ್ಟಿ ತಿನ್ನುತ್ತಿದ್ದೆವು, ಒಂದೇ ನಳದ ನೀರು ಹಿಡಿಯುತ್ತಿದ್ದೆವು, ಮಾತು ಮಾತ್ರ ಇರಲಿಲ್ಲ. ಹೇಳಲೇಬೇಕಾದದ್ದೇನಾದರೂ ಇದ್ದರೆ ಎಮ್ಮೆಗೆ ಹೇಳುತ್ತಿದ್ದೆವು. "ಹಾಲು ಉಕ್ಕಾಕತ್ತೇತಿ, ಯಾರರ ನೋಡ್ತಾರೇನ" ಎಂದು ನಾನು ಎಮ್ಮೆಯ ಕಡೆ ತಿರುಗಿ ಅಂದರೆ ಆಕೆ ಎದ್ದುಹೋಗಿ ಹಾಲು ಇಳಿಸುತ್ತಿದ್ದಳು. "ಸಂತೀ ಚೀಲ ಎಲ್ಲಿ ಒಗದಾರೋ ಏನೋ" ಎಂದು ಆಕೆ ಎಮ್ಮೆಯನ್ನು ಕೇಳಿದರೆ ನಾನು ಚೀಲ ತಂದು ಕಟ್ಟೆಯ ಮೇಲೆ ಬಿಸಾಡುತ್ತಿದ್ದೆ. ಆ ಎಮ್ಮೆಗೆ ನಮ್ಮ ಮನೆಯ ವ್ಯವಹಾರವೆಲ್ಲ ಬಾಯಿಪಾಠವಾಗಿತ್ತು.

ನಮ್ಮದು ಸಮಡೋಳಿ ಕಡೆಯ ಒಂದು ಹಳ್ಳಿ, ವಾರಣಾ ಹೊಳೆಯ ದಂಡೆ. ಮನೆಯೊಳಗೆ ಕನ್ನಡ, ಅಂಗಳ ದಾಟಿದರೆ ಮರಾಠಿಯೂ ಕನ್ನಡವೂ. ಅತ್ತೆ ನಾನು ಬರುವ ಮೊದಲೇ ತೀರಿಕೊಂಡಿದ್ದರು. ಮಾವ, ಅವರ ಇಬ್ಬರು ಗಂಡುಮಕ್ಕಳು, ನಾವಿಬ್ಬರು ಸೊಸೆಯರು, ಇಷ್ಟೇ ಜನ. ಭಾವ ಹೊಲ ನೋಡಿಕೊಳ್ಳುತ್ತಿದ್ದರು. ನನ್ನ ಗಂಡ ಕುಪವಾಡದ ಎಂಐಡಿಸಿ ಕೈಗಾರಿಕಾ ವಸಾಹತಿನ ಒಂದು ಕಾರ್ಖಾನೆಯಲ್ಲಿ ಲೇತಿನ ಮೇಲೆ ಕೆಲಸ ಮಾಡುತ್ತಿದ್ದರು. ನಾನು ಸಲಗರೆಯ ಹುಡುಗಿ. ಮದುವೆಗೆ ಮೊದಲೇ ಮಿರಜ ಸ್ಟೇಷನ್ನಿನ ಹತ್ತಿರದ ರೇಡಿಯಂ ಅಂಗಡಿಯಲ್ಲಿ ಕೆಲಸಕ್ಕಿದ್ದೆ, ಮದುವೆಯಾದ ಮೇಲೂ ಬಿಡಲಿಲ್ಲ. ಗಾಡಿಯ ನಂಬರು, ಟ್ರಕ್ಕಿನ ಹಿಂದಿನ ದೇವರ ಹೆಸರು, ಟ್ರ್ಯಾಕ್ಟರಿನ ಮೇಲೆ ಮಕ್ಕಳ ಹೆಸರು, ಎಲ್ಲವನ್ನೂ ಹೊಳೆಯುವ ಸ್ಟಿಕರ್ ಹಾಳೆಯಲ್ಲಿ ಬ್ಲೇಡಿನಿಂದ ಕತ್ತರಿಸಿ ಅಂಟಿಸುವುದು ನನ್ನ ಕೆಲಸ. ಕತ್ತರಿಸುವ ಯಂತ್ರ ಇನ್ನೂ ಬಂದಿರಲಿಲ್ಲ. ನೆಗೆಣ್ಣಿ ಇದನ್ನು ಕೆಲಸವೆಂದೇ ಎಣಿಸುತ್ತಿರಲಿಲ್ಲ. "ಚೀಟಿ ಹಚ್ಚಾಕ ಬಸ್ ಹತ್ತಿ ಹೋಗ್ತಾರ" ಎಂದು ಎಮ್ಮೆಯ ಮುಂದೆ ಆಡಿಕೊಳ್ಳುತ್ತಿದ್ದಳು.

ಆಕೆ ಚೇರಮನ್ನನ ಮಗಳು. ಆ ಕಾಲದಲ್ಲಿ ನಮ್ಮ ಕಡೆ ಎಲ್ಲದಕ್ಕೂ ಒಂದು ಸಹಕಾರಿ ಸಂಸ್ಥೆ. ಹಾಲಿಗೆ ಸಂಸ್ಥೆ, ಕಬ್ಬಿಗೆ ಸಂಸ್ಥೆ, ಸಾಲಕ್ಕೆ ಸಂಸ್ಥೆ, ಹೊಳೆಯ ನೀರು ಎತ್ತಿ ಹೊಲಕ್ಕೆ ಬಿಡಲಿಕ್ಕೂ ಸಂಸ್ಥೆ. ಪ್ರತಿ ಸಂಸ್ಥೆಗೂ ಒಬ್ಬ ಚೇರಮನ್, ಆ ಚೇರಮನ್ನನಿಗೆ ಇಸ್ತ್ರಿ ಮುರಿಯದ ಬಿಳಿ ಅಂಗಿ. ನಮ್ಮೂರ ನೀರಿನ ಸಂಸ್ಥೆಯ ಚೇರಮನ್ ನನ್ನ ನೆಗೆಣ್ಣಿಯ ಅಪ್ಪ. ಒಂದು ಕಾಲಕ್ಕೆ ಆತನೂ ನನ್ನ ಮಾವನೂ ಒಂದೇ ಬೀಡಿ ಹಂಚಿಕೊಂಡು ಸೇದುವಷ್ಟು ಸ್ನೇಹಿತರು. ಆ ಸ್ನೇಹದಲ್ಲೇ ಸಂಬಂಧ ಬೆಳೆದದ್ದು.

ಸ್ನೇಹ ಮುರಿದದ್ದು ಒಂದು ಮೋಟರಿನ ದೆಸೆಯಿಂದ. ಸಂಸ್ಥೆಯ ಪಂಪುಗಳಿಗೆ ನೀರು ಬರುವುದು ಹೊಳೆಯೊಳಗೆ ಕಟ್ಟಿದ ಎತ್ತರದ ಬಾವಿಯಿಂದ, ಅದಕ್ಕೆ ಜಾಕ್‌ವೆಲ್ ಅನ್ನುತ್ತಾರೆ. ಮಳೆಗಾಲದಲ್ಲಿ ಹೊಳೆ ಏರಿದರೆ ಅಲ್ಲಿಗೆ ನಾವೆಯಲ್ಲೇ ಹೋಗಬೇಕು. ಅದಕ್ಕಾಗಿ ಸಂಸ್ಥೆ ಎಲ್ಲಿಂದಲೋ ಒಂದು ಹಳೆಯ ಪರದೇಶಿ ಮೋಟರು ಕೊಂಡು ತಂದಿತ್ತು. ನಾವೆಯ ಹಿಂದಿನ ಹಲಗೆಗೆ ಬಿಗಿಯುವಂಥದ್ದು, ಕೆಳಗೆ ನೀರಿನಲ್ಲಿ ಅದರ ಪಂಖ ತಿರುಗುತ್ತದೆ. ನೀಲಿ ಬಣ್ಣ. ಮೇಲಿನ ದೊಡ್ಡ ಮುಚ್ಚಳದ ಎರಡೂ ಬದಿಗೆ ಬಿಳಿಯ ದಪ್ಪ ಇಂಗ್ಲಿಷ್ ಅಕ್ಷರ, ಅಕ್ಷರದ ಕೆಳಗೆ ಹಿಂದಕ್ಕೆ ಓಡುವ ಕೆಂಪು ಪಟ್ಟಿ. ಮಾವ ಆ ನಾವೆಯ ಡ್ರೈವರ್. ಅಕ್ಷರ ಓದಲು ಬಾರದ ಹೆಂಗಸರೂ ದಂಡೆಯ ಮೇಲೆ ನಿಂತು ಅಷ್ಟು ದೂರದಿಂದ ಆ ಬಿಳುಪು ಕಂಡು, ನಾವೆ ಬಂತು ಅನ್ನುತ್ತಿದ್ದರಂತೆ.

ಒಂದು ಮಹಾಪೂರದಲ್ಲಿ, ತಗ್ಗಿನ ವಸ್ತಿಯ ಜನರನ್ನು ಈಚೆಗೆ ತರುತ್ತಿದ್ದಾಗ, ನಾವೆಯ ಹಿಂದಿನ ಹಲಗೆ ಮುರಿದು ಮೋಟರು ಹೊಳೆಗೆ ಬಿತ್ತು. ನಾವೆ ತೇಲಿಕೊಂಡು ಹೋಗಿ ಜಾಲಿಯ ಮರಗಳಿಗೆ ಸಿಕ್ಕಿತು, ಜನ ಉಳಿದರು. ಹಲಗೆ ಕೊಳೆತಿದೆ, ಬೇರೆ ಹಾಕಿಸಿರಿ ಎಂದು ಬೇಸಿಗೆಯಿಂದಲೂ ಕೇಳಿದ್ದೆ ಎಂದು ಮಾವ ಹೇಳಿದರು. ಹಲಗೆ ಗಟ್ಟಿಯಾಗಿತ್ತು, ಈತ ಯಾವತ್ತೂ ಏನೂ ಕೇಳಿಲ್ಲ, ಬಿಗಿಯುವ ತಿರುಪನ್ನೇ ಸರಿಯಾಗಿ ಬಿಗಿದಿರಲಿಲ್ಲ ಎಂದು ಚೇರಮನ್ ಸಭೆಯಲ್ಲಿ ಹೇಳಿದ. ಮುರಿದ ಹಲಗೆ ಹೊಳೆಯಲ್ಲಿ ಹೋಗಿತ್ತು, ತೋರಿಸಲು ಏನೂ ಇರಲಿಲ್ಲ. ಮಾವನನ್ನು ಕೆಲಸದಿಂದ ತೆಗೆದರು. ಅಂದಿನಿಂದ ಊರಲ್ಲಿ ಅವರ ಹೆಸರೇ ಹೋಯಿತು. ಹೋಟೆಲಿನಲ್ಲಿ, ಸೊಸೈಟಿಯ ಕಟ್ಟೆಯ ಮೇಲೆ, "ಮೋಟರ್ ಮುಳಗಿಸಿದಾಂವ" ಅಂದರೆ ಅವರು.

ಇದೆಲ್ಲ ನಾನು ಬರುವ ಹೊತ್ತಿಗೆ ಆಗಿಹೋಗಿತ್ತು. ನಾನು ಬಂದಾಗ ಕಂಡದ್ದು ಇಷ್ಟು: ಹಿರಿಯ ಸೊಸೆಯ ಜೊತೆ ಮಾವ ಮಾತಾಡುವುದಿಲ್ಲ, ನನ್ನ ಗಂಡ ಮಾತಾಡುವುದಿಲ್ಲ, ಸ್ವಂತ ಗಂಡ ಬೇಕಾದಷ್ಟಕ್ಕೆ ಮಾತ್ರ ಬಾಯಿ ಬಿಡುತ್ತಾರೆ. ಆಕೆ ಅಡಿಗೆ ಮಾಡುತ್ತಾಳೆ, ಬಡಿಸುತ್ತಾಳೆ, ಒಳಗೆ ಹೋಗುತ್ತಾಳೆ. ಮನೆಗೆ ಬಂದ ಹೊಸ ಸೊಸೆ ಮನೆಯವರ ಕಡೆಗೇ ನಿಲ್ಲಬೇಕಲ್ಲ, ನಾನೂ ನಿಂತೆ. ಆಕೆಯೂ ನಾನು ಬಂದ ಮೊದಲ ವಾರವೇ ನನ್ನ ಸೀರೆ, ನನ್ನ ಸಾರು, ನನ್ನ ಬಸ್ಸು ಎಲ್ಲಕ್ಕೂ ಮೂಗು ಮುರಿದಿದ್ದರಿಂದ ನನಗೇನೂ ಕಷ್ಟವಾಗಲಿಲ್ಲ.

ಪೂರ ಇಳಿದ ಮೇಲೆ ಬೇಸಿಗೆಯಲ್ಲಿ ಮಾವ ಆ ಮೋಟರನ್ನು ಹೊಳೆಯ ಕೆಸರಿನಿಂದ ಕಿತ್ತು ತೆಗೆದಿದ್ದರು. ನಮಗೆ ಬೇಡ, ಗುಜರಿ ನೀನೇ ಇಟ್ಟುಕೋ ಎಂದು ಸಂಸ್ಥೆ ಅಂದಿತು. ಚಕ್ಕಡಿಯಲ್ಲಿ ಹೇರಿಕೊಂಡು ಬಂದು ದನದ ಕೊಟ್ಟಿಗೆಯಲ್ಲಿಟ್ಟರು. ಆಮೇಲೆ ವರ್ಷಗಟ್ಟಲೆ ಅದರ ಸೇವೆ. ಮನುಷ್ಯರಿಗೆ ಒಂದು ಒಳ್ಳೆಯ ಮಾತು ಆಡದ ಆ ಮುದುಕ ಮೋಟರಿನ ಮುಂದೆ ಕೂತು ತಾಸುಗಟ್ಟಲೆ ಮಾತಾಡುತ್ತಿದ್ದರು. ನನ್ನ ಗಂಡ ಸವೆದ ಭಾಗಗಳನ್ನು ಲೇತಿನ ಮೇಲೆ ಹೊಸದಾಗಿ ಕಡೆದು ತಂದರು. ಒಂದು ದಿನ ಹಿತ್ತಲಲ್ಲಿ ನೀರು ತುಂಬಿದ ಡ್ರಮ್ಮಿನೊಳಗೆ ಅದರ ಕಾಲು ಇಳಿಬಿಟ್ಟು ಹಗ್ಗ ಎಳೆದರೆ ಕೆಮ್ಮಿ, ಹೊಗೆ ಉಗುಳಿ, ಶುರುವಾಯಿತು. ಮಾವ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿ ನಿಂತರು.

ಆಗ ಅವರು ನಿರ್ಧರಿಸಿದರು. ಖಂಡೇನವಮಿ, ಅಂದರೆ ಆಯುಧಪೂಜೆಯ ದಿನ ಮಧ್ಯಾಹ್ನ ಸಂಸ್ಥೆಯವರೆಲ್ಲ ಹೊಳೆಯ ಮೆಟ್ಟಿಲುಗಳ ಘಾಟಿಗೆ ಬಂದು ಪಂಪುಗಳಿಗೆ ಪೂಜೆ ಮಾಡುತ್ತಾರೆ. ಚೇರಮನ್ ಕಾಯಿ ಒಡೆಯುತ್ತಾನೆ, ಊರಿಗೆ ಊರೇ ಇರುತ್ತದೆ. ಅದೇ ಜನರ ಮುಂದೆ ಅದೇ ಮೋಟರನ್ನು ನಾವೆಗೆ ಕಟ್ಟಿ ಜಾಕ್‌ವೆಲ್ಲಿನ ತನಕ ಹೋಗಿ ತಿರುಗಿ ಬರಬೇಕು. ಒಂದು ಸಲ ಸಾಕು. "ಮುಳಗಿಸಿದಾಂವ ಅನ್ನೂದು ಅಲ್ಲಿಗೆ ನಿಂದ್ರಬೇಕು" ಎಂದರು. ಆ ಮನುಷ್ಯ ಅದೊಂದಕ್ಕಾಗಿಯೇ ಬದುಕಿದ್ದರು ಅಂದರೆ ಹೆಚ್ಚಲ್ಲ.

ಮತ್ತೆ ನನ್ನ ಕಡೆ ನೋಡಿದರು. "ಅಕ್ಷರ ಬೇಕ. ಅಕ್ಷರ ಇಲ್ಲಾಂದ್ರ ಮಿರಜಿ ಗುಜರಿಯಿಂದ ಯಾವದೋ ಮೋಟರ್ ತಂದಾನ ಅಂತಾರ."

ಮಾತು ನಿಜವೇ. ನೀಲಿ ಬಣ್ಣ ಯಾವ ಮೋಟರಿಗಾದರೂ ಬಳಿಯಬಹುದು. ಊರಿನ ಕಣ್ಣಿಗೆ ಗುರುತು ಆ ಅಕ್ಷರಗಳೇ. ಆದರೆ ಹಳೆಯ ಅಕ್ಷರ ಕೆಸರಿನಲ್ಲೇ ಕರಗಿಹೋಗಿದ್ದವು. ನನ್ನ ಗಂಡ ಹಳೆ ಬಣ್ಣ ಉಜ್ಜಲು ಕುಳಿತಾಗ ನಾನು ಕೈ ಹಿಡಿದು ನಿಲ್ಲಿಸಿದೆ. ಬಿಸಿಲಿಗೆ ಓರೆಯಾಗಿ ಹಿಡಿದು ನೋಡಿದರೆ, ಅಕ್ಷರ ಇದ್ದ ಜಾಗದಲ್ಲಿ ನೀಲಿ ಇನ್ನೂ ಕಡುವಾಗಿತ್ತು, ಸುತ್ತಲಿನದು ಬಿಸಿಲು ತಿಂದು ಮಾಸಿತ್ತು. ಬಟರ್ ಪೇಪರ್ ಹರಡಿ ಅದರ ಅಂಚನ್ನು ಪೆನ್ಸಿಲಿನಿಂದ ತೆಗೆದೆ. ಒಂದೊಂದು ಅಕ್ಷರ ನನ್ನ ಅಂಗೈಗಿಂತ ದೊಡ್ಡದು, ಪಟ್ಟಿಯೊಂದಿಗೆ ಇಡೀ ಹಾಳೆ ಮೊಳಕ್ಕಿಂತ ಉದ್ದ. ಅಂಗಡಿಯ ಮಾಲೀಕನ ಗೊಣಗಾಟ ಕೇಳುತ್ತಲೇ, ಊಟದ ಹೊತ್ತಿನಲ್ಲಿ ಸ್ವಲ್ಪ ಸ್ವಲ್ಪ ಕತ್ತರಿಸಿದೆ. ಎರಡು ಬದಿಗೆ ಎರಡು, ಅಂಗಡಿಯ ರೂಢಿಯಂತೆ ಹೆಚ್ಚಿಗೆ ಒಂದು. ಬಿಡಿ ಅಕ್ಷರಗಳು ಚದುರದಂತೆ ಮೇಲೆ ಅಗಲವಾದ ಟೇಪು ಹಾಕಿ ಒಂದೇ ಹಾಳೆಯಾಗಿಸಿದೆ. ಹಿಂದಿನ ಕಾಗದ ಸುಲಿದು ಅಂಟಿಸಿ, ಆಮೇಲೆ ಮೇಲಿನ ಟೇಪು ತೆಗೆದರೆ ಅಕ್ಷರ ಮಾತ್ರ ಉಳಿಯುತ್ತದೆ.

ಹೇಳಲಿಕ್ಕೆ ಸುಲಭ. ಸಣ್ಣ ನಂಬರ್ ಪ್ಲೇಟು ಒಬ್ಬಳೇ ಹಚ್ಚಬಹುದು. ಇಷ್ಟು ದೊಡ್ಡದನ್ನು, ಅದೂ ಉಬ್ಬಿದ ಮುಚ್ಚಳದ ಮೇಲೆ, ಒಬ್ಬರಿಂದ ಆಗುವ ಮಾತೇ ಅಲ್ಲ. ಒಂದು ತುದಿ ಹಿಡಿದವರು ಉಸಿರು ಬಿಗಿಹಿಡಿದು ನಿಲ್ಲಬೇಕು, ಇನ್ನೊಬ್ಬರು ನಡುವಿನಿಂದ ಅಂಚಿಗೆ ಒತ್ತುತ್ತ ಹೋಗಬೇಕು. ಒಬ್ಬರ ಕೈ ಅಲ್ಲಾಡಿದರೆ ಹಾಳೆ ತನಗೆ ತಾನೇ ಅಂಟಿಕೊಂಡು ಉಂಡೆಯಾಗುತ್ತದೆ, ಮತ್ತೆ ಬಿಡಿಸಲಾಗದು.

ಬಣ್ಣ ಪೂರ್ತಿ ಒಣಗಲಿ ಎಂದು ಕಾದು ಖಂಡೇನವಮಿಯ ಬೆಳಿಗ್ಗೆಗೇ ಇಟ್ಟುಕೊಂಡಿದ್ದೆವು. ಬೆಳಿಗ್ಗೆ ನೋಡಿದರೆ ಗಂಡ ಅಂಗಿ ಹಾಕಿಕೊಂಡು ಹೊರಟು ನಿಂತಿದ್ದಾರೆ. ಅಂದು ಕುಪವಾಡದ ಕಾರ್ಖಾನೆಗಳಲ್ಲೂ ಯಂತ್ರದ ಪೂಜೆ. ಪೂಜೆಗೆ ಬಾರದವನನ್ನು ಶೇಟ್ ವರ್ಷವಿಡೀ ನೆನಪಿಟ್ಟುಕೊಳ್ಳುತ್ತಾನೆ. ಭಾವ ಮೀನುಗಾರರ ನಾವೆ ಕೇಳಿ ತರಲು ಹೋಗಿದ್ದರು. ಮಾವನ ಕೈಯಲ್ಲಿ ಚಹಾದ ಕಪ್ಪೇ ನಿಲ್ಲುತ್ತಿರಲಿಲ್ಲ. ಉಳಿದವಳು ಆಕೆ ಒಬ್ಬಳು. ಕೊಟ್ಟಿಗೆಯಲ್ಲಿ ನೇಗಿಲು, ಕೊಡಲಿ, ಕುಡಗೋಲು, ಆ ಮೋಟರು ಎಲ್ಲಕ್ಕೂ ಹಿರಿಯ ಸೊಸೆಯ ಹಕ್ಕಿನಿಂದ ಅರಿಶಿನ ಕುಂಕುಮ ಇಟ್ಟು, ಆರತಿ ಬೆಳಗಿ, ತಟ್ಟೆ ಒಳಗಿಡಲು ಹೊರಟಿದ್ದಳು.

ಮಾವ ಮೋಟರಿನ ಕಡೆ ಮುಖ ಮಾಡಿಯೇ ಹೇಳಿದರು. "ಇಬ್ಬರೂ ಹಿಡೀರಿ. ಹೊತ್ತ ಆಗಾಕತ್ತೇತಿ."

ನನಗೆ ಮೈ ಉರಿಯಿತು. ಈ ಮೋಟರು ಓಡಿದರೆ ಸುಳ್ಳನಾಗುವವನು ಆಕೆಯ ಅಪ್ಪ. ಅವನ ಮಗಳ ಕೈಗೆ ಕೊಟ್ಟು ಹಿಡಿ ಅನ್ನುತ್ತಾರಲ್ಲ, ಈ ಮುದುಕನಿಗೆ ಬುದ್ಧಿ ನೆಟ್ಟಗಿದೆಯೇ ಅಂದುಕೊಂಡೆ. ಬೇರೆ ದಾರಿ ಇರಲಿಲ್ಲ. ಆಕೆ ತಟ್ಟೆ ಕೆಳಗಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದಳು. ನನ್ನ ಮುಖ ನೋಡಲಿಲ್ಲ. ನಾನೂ ನೋಡಲಿಲ್ಲ.

ಮುಚ್ಚಳವನ್ನು ಸೋಪಿನ ನೀರಿನಿಂದ ಒರೆಸಿದೆ. ಅಂಟಿಸುವ ಮೊದಲು ಸೋಪಿನ ನೀರನ್ನೇ ತೆಳ್ಳಗೆ ಚಿಮುಕಿಸಬೇಕು, ಆಗ ಹಾಳೆ ಒಮ್ಮೆಲೇ ಕಚ್ಚಿಕೊಳ್ಳುವುದಿಲ್ಲ, ಅತ್ತಿತ್ತ ಸರಿಸಿ ನೇರ ಮಾಡಬಹುದು. ಆಮೇಲೆ ನೀರನ್ನು ಒತ್ತಿ ಹೊರಹಾಕಿದರೆ ಅಂಟು ಹಿಡಿಯುತ್ತದೆ. ಹಿಂದಿನ ಕಾಗದ ಸುಲಿದು ಒಂದು ತುದಿ ಆಕೆಯ ಕೈಗೆ ಕೊಟ್ಟೆ. ಕೊಟ್ಟೆ ಅನ್ನುವುದಕ್ಕಿಂತ ಗಾಳಿಯಲ್ಲಿ ಚಾಚಿದೆ, ಆಕೆ ತೆಗೆದುಕೊಂಡಳು. ಬೆರಳ ತುದಿಯಿಂದ, ಅಂಚಿನಲ್ಲಿ ಮಾತ್ರ, ಹಸಿ ಹಪ್ಪಳ ಎತ್ತುವ ಹಾಗೆ. ಯಾರೂ ಹೇಳಿಕೊಟ್ಟಿರಲಿಲ್ಲ. ಕೈ ಒಂದಿಷ್ಟೂ ಅಲ್ಲಾಡಲಿಲ್ಲ, ಅದನ್ನು ಕಂಡು ನನಗೆ ಇನ್ನಷ್ಟು ಸಿಟ್ಟು ಬಂತು.

ನಾನು ರಬ್ಬರ್ ಪಟ್ಟಿ ಹಿಡಿದು ನಡುವಿನಿಂದ ಒತ್ತುತ್ತ ಹೋದೆ. ನೀರು ಅಂಚಿನಿಂದ ಹೊರಬಂತು. ಆದರೆ ಅಕ್ಷರ ಕೂಡಲಿಲ್ಲ. ಒತ್ತಿದ ಕಡೆ ಒತ್ತಿದಂತೆ, ಬಿಟ್ಟ ಕೂಡಲೇ ಜಾರಿದಂತೆ. ಟೇಪು ಎತ್ತಿದರೆ ಅಕ್ಷರವೂ ಅದರ ಜೊತೆ ಎದ್ದು ಬರುತ್ತಿತ್ತು. ಇನ್ನೂ ಜೋರಾಗಿ ಒತ್ತಿದೆ. ಪಟ್ಟಿ ಸುಕ್ಕಾಯಿತು, ಒಂದು ಅಕ್ಷರದ ಕಾಲು ಮಡಚಿ ತನಗೆ ತಾನೇ ಅಂಟಿಕೊಂಡಿತು. ಹಾಳೆ ಕಿತ್ತು ಅಂಟಿನ ಬದಿ ಮುಟ್ಟಿ ನೋಡಿದೆ. ಬೆರಳು ಜಿಡ್ಡಾಯಿತು. ಮೂಸಿದೆ. ಕೊಬ್ಬರಿ ಎಣ್ಣೆ.

ನಾನು ಆಕೆಯ ಆರತಿ ತಟ್ಟೆಯ ಕಡೆ ನೋಡಿದೆ. ಕುಂಕುಮ ಕಲಸಲು ಒಂದು ಬಟ್ಟಲಲ್ಲಿ ಎಣ್ಣೆ ಇತ್ತು. ವರ್ಷಗಳಿಂದ ಎಮ್ಮೆಗೆ ಹೇಳಿದ್ದನ್ನೆಲ್ಲ ಬಿಟ್ಟು ಅವತ್ತು ನೇರ ಆಕೆಗೇ ಹೇಳಿದೆ. ಹಿರಿಯಳಿಗೆ ನೀವು ಅನ್ನಬೇಕಾದದ್ದನ್ನೂ ಮರೆತೆ.

"ನೀನ ಹಚ್ಚೀದಿ. ಪೂಜಿ ನೆವಾ ಮಾಡಿ ಎಣ್ಣಿ ಸವರೀದಿ. ನಿಮ್ಮಪ್ಪನ ಮಾನ ಉಳಸಾಕ."

ಆಕೆ ಸೆರಗಿನಿಂದ ಕೈ ಒರೆಸಿಕೊಂಡಳು. "ನಮ್ಮಪ್ಪನ ಮಾನ ನಿನ್ನ ಚೀಟಿ ಮ್ಯಾಲೆ ನಿಂತಿಲ್ಲ. ಎಣ್ಣಿ ಹಚ್ಚೂದಿದ್ರ ನಿನ್ನ ನಾಲಿಗಿಗೆ ಹಚ್ತಿದ್ದೆ. ಸ್ವಲ್ಪ ಮೆತ್ತಗರ ಆಗ್ತಿತ್ತು."

"ನಾಲಿಗಿ ಬಗ್ಗೆ ನೀ ಹೇಳಬ್ಯಾಡ. ಉಂಡ ಮನೀಗೆ ಎರಡ ಬಗಿಯಾಕಿ."

"ಉಂಡ ಮನಿ? ನಾ ಬೇಯಿಸಿ ಹಾಕೂದಕ್ಕ ನೀವು ಉಂಡೀರಿ. ನೀ ಒಂದ ದಿನಾ ಒಲಿ ಮುಂದ ಕುಂತೀಯೇನ? ನಾಕ ಗಾಡಿಗೆ ನಂಬರ್ ಹಚ್ಚಿ ಬಂದು ಕಲೆಕ್ಟರ್‌ಗತೆ ಕುಂದರತಿ."

ನಾನು ಕಿತ್ತ ಹಾಳೆಯನ್ನು ಆಕೆಯ ಕಾಲ ಬಳಿ ಎಸೆದೆ. ಆಕೆ ಅದನ್ನು ಕಾಲಿನಿಂದ ಸರಿಸಿದಳು. ಇನ್ನೇನಾಗುತ್ತಿತ್ತೋ, ಅಷ್ಟರಲ್ಲಿ ಮೂಲೆಯಿಂದ ಮಾವನ ದನಿ ಬಂತು.

"ಎಣ್ಣಿ ನಾ ಹಚ್ಚೇನಿ."

ಇಬ್ಬರೂ ತಿರುಗಿದೆವು.

"ಮುಂಜಾನೆದ್ದು ದಿನಾ ಹಚ್ತೇನಿ. ನೀರಾಗಿಂದ ಬಂದ ಕಬ್ಬಣ, ಎಣ್ಣಿ ಇಲ್ಲದ ಬಿಟ್ರ ತುಕ್ಕ ಹಿಡೀತೈತಿ. ಇವತ್ತ ಅದರ ಹಬ್ಬ ಅಂತ ಸ್ವಲ್ಪ ಜಾಸ್ತೀನ ಹಚ್ಚೇನಿ."

ಅಷ್ಟು ವರ್ಷ ದಿನವೂ ಬೆಳಿಗ್ಗೆ, ದೇವರಿಗೆ ದೀಪ ಹಚ್ಚುವ ಮೊದಲು, ಅವರು ಮೋಟರಿಗೆ ಎಣ್ಣೆ ಸವರುತ್ತಿದ್ದರು. ಹೊಸ ಬಣ್ಣ ಬಳಿದ ಮೇಲೂ ಬಿಟ್ಟಿರಲಿಲ್ಲ. ನನಗೆ ಅದು ಗೊತ್ತಿರಲಿಲ್ಲ, ಆ ಹೊತ್ತಿಗೆ ನಾನು ಮಿರಜದ ಬಸ್ಸಿಗೆ ಓಡುತ್ತಿದ್ದೆ. ಆಕೆಗೂ ಗೊತ್ತಿರಲಿಲ್ಲ, ಆ ಹೊತ್ತಿಗೆ ಆಕೆ ಒಲೆಯ ಮುಂದೆ. ಎಣ್ಣೆ ಹಚ್ಚಿದ ಮೇಲೆ ಅಕ್ಷರ ಹೇಗೆ ಕೂಡಬೇಕು ಎಂದು ಕೇಳಿದರೆ, "ನಿನ್ನ ಅಂಟ ಅಷ್ಟ ಸಡಿಲೇನ" ಎಂದು ನನಗೇ ತಿರುಗಿ ಕೇಳಿದರು. ಆ ಒಂದು ಗಳಿಗೆಯಲ್ಲಿ ನಾವಿಬ್ಬರೂ ಒಬ್ಬರ ಮೇಲಿನ ಸಿಟ್ಟನ್ನು ಬಿಟ್ಟು ಒಟ್ಟಿಗೆ ಆ ಮುದುಕನ ಮೇಲೆ ಕೆಂಡವಾದೆವು. ಆದರೆ ಆಕೆಗೆ ತಪ್ಪಾಯಿತು ಎಂದು ನಾನು ಹೇಳಲಿಲ್ಲ, ಆಕೆಯೂ ಅದಕ್ಕಾಗಿ ಕಾಯಲಿಲ್ಲ.

ಆಕೆ ಒಳಗೆ ಹೋಗಿ ಬಿಸಿನೀರು ಮತ್ತು ಕಡಲೆ ಹಿಟ್ಟು ತಂದಳು. ಎಣ್ಣೆ ಹಚ್ಚಿಕೊಂಡ ಮೈ ತೊಳೆಯುವಂತೆ ಮುಚ್ಚಳವನ್ನು ಹಿಟ್ಟಿನಿಂದ ತಿಕ್ಕಿದಳು, ನಾನು ಸೋಪಿನ ನೀರು ಹಾಕಿದೆ, ಆಕೆ ಮತ್ತೆ ತಿಕ್ಕಿದಳು. ಒಣ ಬೆರಳು ಎಳೆದರೆ ಕಿರ್ ಎನ್ನುವವರೆಗೂ ಬಿಡಲಿಲ್ಲ. ಇನ್ನು ನಮ್ಮಲ್ಲಿ ಉಳಿದದ್ದು ಎರಡೇ ಹಾಳೆ, ಎರಡೇ ಬದಿ. ಮತ್ತೊಂದು ಹಾಳಾದರೆ ಮುಗಿಯಿತು. ಘಾಟಿನ ಕಡೆಯಿಂದ ಆಗಲೇ ಸಂಸ್ಥೆಯ ಸ್ಪೀಕರ್ ಕೂಗಲು ಶುರುಮಾಡಿತ್ತು.

"ನೆಟ್ಟಗ ಹಿಡಿ" ಎಂದೆ.

"ಕಣ್ಣ ಅದಾವು ನನಗ" ಎಂದಳು.

ಈ ಸಲ ಅಕ್ಷರ ಕೂತಿತು. ನಡುವಿನಲ್ಲಿ ಚೆನ್ನಾಗಿ ಕೂತು, ಮುಚ್ಚಳ ದುಂಡಗೆ ಬಾಗುವ ಕಡೆ ಮಾತ್ರ ಪಟ್ಟಿ ಉಬ್ಬಿ ನಿಂತಿತು. ಅಲ್ಲಿ ಹಾಳೆಗೆ ಶಾಖ ಕೊಟ್ಟು ಮೆತ್ತಗೆ ಮಾಡಿ ಎಳೆಯಬೇಕು. ಅಂಗಡಿಯಲ್ಲಾದರೆ ಅದಕ್ಕೆ ಬಿಸಿಗಾಳಿಯ ಯಂತ್ರವಿತ್ತು. ನಾನು ಚಿಮಣಿ ದೀಪ ತರಲೇ, ಹೆಂಚು ಕಾಯಿಸಲೇ ಎಂದು ಯೋಚಿಸುತ್ತಿದ್ದಾಗ ಆಕೆ ತನ್ನ ಟ್ರಂಕಿನಿಂದ ಕೂದಲು ಒಣಗಿಸುವ ಯಂತ್ರ ತಂದಳು. ತವರಿನವರು ಮದುವೆಯಲ್ಲಿ ಕೊಟ್ಟದ್ದು. ಊರಿನಲ್ಲಿ ಯಾರೂ ಅಂಥದ್ದನ್ನು ಕಂಡಿರಲಿಲ್ಲ, ಆಕೆಯೂ ಬಳಸಿದ್ದನ್ನು ನಾನು ಕಂಡಿರಲಿಲ್ಲ. ಚೇರಮನ್ನನ ಮನೆಯ ಬಿಸಿಗಾಳಿಗೆ ನನ್ನ ಕೆಂಪು ಪಟ್ಟಿ ಬೆಣ್ಣೆಯ ಹಾಗೆ ಬಾಗಿ ಕೂತಿತು. ಅದು ಅಷ್ಟು ಚೆನ್ನಾಗಿ ಕೂತದ್ದು ನನಗೆ ಸೇರಲಿಲ್ಲ. ಉಳಿದ ಗುಳ್ಳೆಗಳನ್ನು ಸೂಜಿಯಿಂದ ಚುಚ್ಚಿ ಒತ್ತಿದೆ. ಟೇಪು ಎಳೆದೆವು, ಆಕೆ ಆ ಕಡೆಯಿಂದ, ನಾನು ಈ ಕಡೆಯಿಂದ. ಬಿಳಿ ಅಕ್ಷರ ನೀಲಿಯ ಮೇಲೆ ಉಳಿದವು. ಎರಡನೆಯ ಬದಿಗೂ ಹಾಗೆಯೇ ಮಾಡಿದೆವು. ಮಾವ ಹತ್ತಿರ ಬಂದು ಮುಟ್ಟಲು ಕೈ ಎತ್ತಿದರು. "ಮುಟ್ಟಬ್ಯಾಡ್ರಿ" ಎಂದು ಇಬ್ಬರೂ ಒಟ್ಟಿಗೇ ಅಂದೆವು.

ಮಧ್ಯಾಹ್ನ ಘಾಟಿನಲ್ಲಿ ಜನವೋ ಜನ. ಭಾವ ಮತ್ತು ಮೀನುಗಾರರು ಸೇರಿ ಮೋಟರನ್ನು ನಾವೆಗೆ ಬಿಗಿದರು. ಮಾವ ತಿರುಪುಗಳನ್ನು ತಾವೇ ಮತ್ತೆ ಮತ್ತೆ ಬಿಗಿದು ನೋಡಿದರು. ಹಗ್ಗ ಎಳೆದರು. ಮೊದಲು ಶುರುವಾಗಲಿಲ್ಲ, ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ಮತ್ತೆ ಎಳೆದಾಗ ಹೊಳೆಯೆಲ್ಲ ಅದರ ಸದ್ದು ತುಂಬಿತು. ನಾವೆ ಹರಿವಿಗೆ ಎದುರಾಗಿ ಹೋಯಿತು, ಜಾಕ್‌ವೆಲ್ಲಿನ ಸುತ್ತ ಹೋಗಿ ತಿರುಗಿತು. ಹೋಗುವಾಗ ಒಂದು ಬದಿಯ ಅಕ್ಷರ ಕಂಡವು, ಬರುವಾಗ ಇನ್ನೊಂದು ಬದಿಯವು. ನನ್ನ ಪಕ್ಕದಲ್ಲಿದ್ದ ಮುದುಕಿಯೊಬ್ಬಳು, "ಅದ ಮೋಟರ್ ನೋಡ್ವಾ, ಅದಽ ಐತಿ" ಎಂದು ಎದೆಗೆ ಕೈ ಇಟ್ಟುಕೊಂಡಳು. ಜನ ಕೈ ತಟ್ಟಿದರು. ಮಾವ ದಂಡೆಗೆ ಬರುವಾಗ ಅವರ ಮುಖದಲ್ಲಿ ನಾನು ಯಾವತ್ತೂ ಕಾಣದ ನಗು ಇತ್ತು.

ಚೇರಮನ್ ಕಾಯಿ ಒಡೆದ ಜಾಗದಲ್ಲೇ ನಿಂತಿದ್ದ. ಅವನೂ ಕೈ ತಟ್ಟಿದ. ಆಮೇಲೆ ಮೈಕು ತೆಗೆದುಕೊಂಡು ನಗುತ್ತ ಮರಾಠಿಯಲ್ಲಿ ಹೇಳಿದ, "ಬಘಾ, ಮೋಟರ್ ಚಾಂಗಲೀಚ ಹೋತೀ. ಚೂಕ ಮಾಣಸಾಚೀ ಹೋತೀ." ನೋಡಿರಿ, ಮೋಟರು ಒಳ್ಳೆಯದೇ ಇತ್ತು, ತಪ್ಪು ಮನುಷ್ಯನದು.

ಜನ ತಲೆ ಆಡಿಸಿದರು. ಹೌದಲ್ಲ ಎಂಬಂತೆ. ಇಷ್ಟು ಚೆಂದ ಓಡುವ ಮೋಟರು ತಾನಾಗಿ ಯಾಕೆ ಮುಳುಗಬೇಕು? ಅಷ್ಟು ವರ್ಷದ ದುಡಿಮೆಯೆಲ್ಲ ಒಂದೇ ಮಾತಿಗೆ ಮಾವನ ವಿರುದ್ಧದ ಸಾಕ್ಷಿಯಾಯಿತು. ನಾವು ಅಂಟಿಸಿದ ಅಕ್ಷರಗಳೂ ಆ ಸಾಕ್ಷಿಯ ಪಾಲಾದವು. ಮಾವ ಮೋಟರು ನಿಲ್ಲಿಸಿದರು. ಹಗ್ಗ ಕೈಯಲ್ಲೇ ಇತ್ತು, ನಾವೆಯಿಂದ ಇಳಿಯಬೇಕೆಂಬುದೂ ಅವರಿಗೆ ತೋಚಲಿಲ್ಲ. ನಾನು ಕೂಗಬೇಕೆಂದರೆ ಏನೆಂದು ಕೂಗುವುದು, ಹಲಗೆ ಹೊಳೆಯ ಪಾಲಾಗಿತ್ತು.

ಆಗ ನನ್ನ ನೆಗೆಣ್ಣಿ ಮೆಟ್ಟಿಲಿಳಿದು ಅಪ್ಪನ ಎದುರು ಹೋಗಿ ನಿಂತಳು. ತಲೆಯ ಮೇಲೆ ಸೆರಗಿತ್ತು. ದನಿ ಎತ್ತರಿಸಲಿಲ್ಲ, ಆದರೆ ಮೈಕು ಆತನ ಕೈಯಲ್ಲಿ ಚಾಲೂ ಇತ್ತು, ಎಲ್ಲರಿಗೂ ಕೇಳಿಸಿತು.

"ಅಪ್ಪಾ, ನಾವಿಗೆ ಅಂತ ಸಂಸ್ಥೆಯವರು ತಂದ ಸಾಗವಾನಿ ಹಲಗಿ ನಮ್ಮ ಹೊಸ ಮನೀ ಹೊಸ್ತಿಲಾಗೇತಿ. ಪೂರ ಬರೂಕಿಂತ ಮೊದಲ ನಾ ಪಂಚಮಿಗೆ ಬಂದಾಗ ನನ್ನ ಮುಂದ ಬಡಿಗ್ಯಾಗ ಹೇಳಿದ್ರಿ, ಇದನ್ನ ಕೂಡಸು, ನಾವಿಗೆ ಬ್ಯಾರೆ ನೋಡೂಣು ಅಂತ. ಮಾವಾರು ಹಲಗಿ ಕೇಳಿರಲಿಲ್ಲ ಅಂತೀರಿ. ಕೇಳದಿದ್ರ ಆ ಹಲಗಿ ಯಾಕ ಬಂತು?"

ಚೇರಮನ್ ಮೈಕು ಕೆಳಗಿಳಿಸಿದ. "ಮನೀ ಮಾತು ಮನ್ಯಾಗ ಆಡು" ಎಂದ. ಸಂಸ್ಥೆಯ ಹಳೆಯ ಸದಸ್ಯನೊಬ್ಬ, "ಖರೇ ಏನ್ರಿ ಚೇರಮನ್‌ಸಾಹೇಬ್ರ?" ಎಂದು ಕೇಳಿದ. ಚೇರಮನ್ ಚಪ್ಪಲಿ ಹುಡುಕಿಕೊಂಡು ಮೆಟ್ಟಿಲು ಹತ್ತಿ ಹೋದ, ಅವನ ಹಿಂದೆ ಅವನ ಕಡೆಯವರು. ಉಳಿದವರು ನಾವೆಯ ಕಡೆ ನೋಡಿದರು, ಆಮೇಲೆ ಒಬ್ಬೊಬ್ಬರಾಗಿ ನೆಲ ನೋಡಿದರು. ಮುಳುಗಿಸಿದವನು ಎಂಬ ಮಾತನ್ನು ಆ ಊರಲ್ಲಿ ಮತ್ತೆ ಯಾರೂ ಆಡಿದ್ದನ್ನು ನಾನು ಕೇಳಲಿಲ್ಲ. ಆಕೆಯ ತವರಿನ ಬಾಗಿಲು ಮಾತ್ರ ಅಂದೇ ಮುಚ್ಚಿತು, ಮುಂದಿನ ಪಂಚಮಿಗೆ ಕರೆಯಲು ಯಾರೂ ಬರಲಿಲ್ಲ.

ಮನೆಗೆ ಬಂದ ಮೇಲೆ ಆಕೆ ಏನೂ ಆಗದವಳ ಹಾಗೆ ಒಲೆ ಹೊತ್ತಿಸಿದಳು. ಮಾವ ಪಡಸಾಲೆಯಲ್ಲಿ ಕೂತಿದ್ದರು. ನನಗೆ ತಡೆಯಲಾಗಲಿಲ್ಲ. ಖುಷಿಯಾಗಬೇಕಿತ್ತು, ಆದರೆ ಬಂದದ್ದು ಸಿಟ್ಟೇ. ಅಡಿಗೆಮನೆಯ ಬಾಗಿಲಲ್ಲಿ ನಿಂತು ಕೇಳಿದೆ.

"ಇಷ್ಟ ವರ್ಷ ಎಲ್ಲಾ ಗೊತ್ತಿದ್ದು ಬಾಯಿ ಮುಚಗೊಂಡ ಕುಂತಿದ್ರ್ಯಾ? ಅವರು ದಿನಾ ಸಾಯೂದು ನೋಡ್ಕೋತ?"

ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಮೋಟರ್ ಮುಳಗಿದ ವಾರದಾಗ ಹೇಳಾಕಂತ ಅವರ ಮುಂದ ಹೋಗಿ ನಿಂತಿದ್ದೆ. ಬಾಯಿ ತಗಿಯೂ ಮೊದಲ, ಚೇರಮನ್ನನ ಮಗಳ ಮಾತು ಈ ಮನ್ಯಾಗ ಬ್ಯಾಡ ಅಂದ್ರು. ಆಮ್ಯಾಲೆ ನಿನ್ನ ಗಂಡ ಮಾತು ಬಿಟ್ಟರು. ನನ್ನ ಗಂಡ ಬಿಟ್ಟಂಗ ಮಾಡಿದರು. ನೀ ಬಂದಿ, ಏನ ಎತ್ತ ಕೇಳದ ನೀನೂ ಬಿಟ್ಟಿ. ಯಾರ ಮುಂದ ಹೇಳ್ಬೇಕಿತ್ತು ನಾ?"

ಪಡಸಾಲೆಯಲ್ಲಿ ಅಷ್ಟೂ ಕೇಳಿಸಿತು. ಉತ್ತರವಿಲ್ಲದ ಮಾತು ಆಡಿದಳೆಂದು ನನಗೆ ಆಕೆಯ ಮೇಲಿನ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ.

ಆಕೆ ಎಂದಿನಂತೆ ಮಾವನ ಮುಂದೆ ತಾಟು ಇಟ್ಟಳು. ಅವರು ರೊಟ್ಟಿ ಮುರಿಯಲಿಲ್ಲ. ತಲೆ ಎತ್ತಿ, ಅಷ್ಟು ವರ್ಷಗಳಲ್ಲಿ ಮೊದಲ ಸಲ, ಆಕೆಯನ್ನು ನೋಡಿ ಕೇಳಿದರು, "ನೀ ಉಂಡಿಯೇನವಾ?"

ಆಕೆ ಕೇಳಿಸಿಕೊಂಡಳು, ಒಳಗೆ ಹೋದಳು. ಮಾವ ಬದುಕಿರುವವರೆಗೂ ದಿನವೂ ಊಟಕ್ಕೆ ಕೂತಾಗ ಅದನ್ನೇ ಕೇಳುತ್ತಿದ್ದರು. ಆಕೆ ಒಂದು ದಿನವೂ ಉತ್ತರ ಕೊಡಲಿಲ್ಲ, ಮತ್ತು ಆ ಒಂದು ವಿಷಯದಲ್ಲಿ ನಾನು ಆಕೆಯ ಕಡೆಗಿದ್ದೆ.